ಬ್ರಾಯ್ಲರ್ ಹಿಂಡಿನ ಗಾತ್ರ: ಬೆಳವಣಿಗೆ ಮತ್ತು ವರ್ತನೆ

ಬ್ರಾಯ್ಲರ್ ಹಿಂಡಿನ ಗಾತ್ರ ಎಂದರೆ ಮಾಂಸಕ್ಕಾಗಿ ಸಾಕುವ ಒಂದೇ ವಯಸ್ಸಿನ ಕೋಳಿಗಳು ನಡುವೆ ಗೋಡೆ, ಜಾಲರಿಗಳ ತಡೆಯಿಲ್ಲದೆ ಒಂದೇ ನೆಲ, ಒಂದೇ ಗಾಳಿ, ಒಂದೇ ಮೇವು ನೀರಿನ ಸಾಲನ್ನು ಹಂಚಿಕೊಂಡು ಬೆಳೆಯುವಾಗಿನ ಅವುಗಳ ಸಂಖ್ಯೆ. ಹಿತ್ತಲಲ್ಲಿ ಇದು ಹತ್ತಿಪ್ಪತ್ತಾದರೆ ಕರ್ನಾಟಕದ ತೆರೆದ ಶೆಡ್‌ಗಳಲ್ಲಿ ಕೆಲವು ಸಾವಿರ. ಹವಾನಿಯಂತ್ರಿತ ಕಟ್ಟಡಗಳಲ್ಲಿ ಇಪ್ಪತ್ತು ಸಾವಿರವನ್ನೂ ಮೀರುತ್ತದೆ. ಹಿಂಡು ದೊಡ್ಡದಾದಷ್ಟೂ ಕಾದಾಟ ಹೆಚ್ಚುತ್ತದೆ, ತೂಕ ಕುಗ್ಗುತ್ತದೆ ಎಂಬ ಎಣಿಕೆ ವ್ಯಾಪಕವಾಗಿದೆ. ಅಧ್ಯಯನಗಳು ಇದನ್ನು ಎತ್ತಿಹಿಡಿದಿಲ್ಲ. ದೊಡ್ಡ ಹಿಂಡಿನಲ್ಲಿ ಕಾದಾಟ ಕಡಿಮೆ. ತೂಕವನ್ನು ಕುಗ್ಗಿಸುವುದು ತಲೆಯೆಣಿಕೆಗಿಂತ ಹೆಚ್ಚಾಗಿ ತಲೆಗೆ ದಕ್ಕುವ ಜಾಗ, ಗಾಳಿ ಮತ್ತು ಕಾಲಡಿಯ ಹಾಸಿನ ಸ್ಥಿತಿ.

ಪದಗಳು ಮತ್ತು ಅಳತೆಗಳು

ಈ ವಿಷಯದಲ್ಲಿ ಮೂರು ಅಳತೆಗಳು ಒಂದಕ್ಕೊಂದು ಹೆಣೆದುಕೊಂಡಿವೆ: ಗಾತ್ರ, ಅಂದರೆ ಹಕ್ಕಿಗಳ ಸಂಖ್ಯೆ, ವಿಸ್ತೀರ್ಣ, ಅಂದರೆ ಅವು ಓಡಾಡುವ ನೆಲ, ದಟ್ಟಣೆ, ಅಂದರೆ ಒಂದು ಚದರ ಮೀಟರಿನಲ್ಲಿರುವ ಹಕ್ಕಿಗಳು ಅಥವಾ ಅವುಗಳ ಒಟ್ಟು ತೂಕ. ಇವುಗಳಲ್ಲಿ ಯಾವ ಎರಡನ್ನು ಗೊತ್ತುಮಾಡಿದರೂ ಮೂರನೆಯದು ತಾನಾಗಿಯೇ ಗೊತ್ತಾಗಿಬಿಡುತ್ತದೆ. 5 ಚದರ ಮೀಟರಿನ ಅಂಕಣದಲ್ಲಿ 50 ಹಕ್ಕಿಗಳಿವೆ ಎನ್ನೋಣ. ಅದೇ ಅಂಕಣಕ್ಕೆ ಇನ್ನೂ 50 ಸೇರಿಸಿದರೆ ಗಾತ್ರದ ಜೊತೆಗೆ ದಟ್ಟಣೆಯೂ ಇಮ್ಮಡಿಯಾಗುತ್ತದೆ. ದಟ್ಟಣೆ ಹೆಚ್ಚದಿರಲೆಂದು ಅಂಕಣವನ್ನು 10 ಚದರ ಮೀಟರಿಗೆ ಹಿಗ್ಗಿಸಿದರೆ ಗಾತ್ರದ ಜೊತೆಗೆ ವಿಸ್ತೀರ್ಣ ಇಮ್ಮಡಿಯಾಗುತ್ತದೆ. ಉಳಿದೆರಡನ್ನೂ ಹಾಗೆಯೇ ಇಟ್ಟು ಒಂದನ್ನು ಮಾತ್ರ ಬದಲಿಸುವ ಪ್ರಯೋಗ ಸಾಧ್ಯವೇ ಇಲ್ಲ. ಗಾತ್ರದ ಪರಿಣಾಮ ಎಂದು ವರದಿಯಾದ ಅನೇಕ ಸಂಗತಿಗಳು ವಾಸ್ತವದಲ್ಲಿ ದಟ್ಟಣೆಯ ಅಥವಾ ವಿಸ್ತೀರ್ಣದ ಪರಿಣಾಮಗಳಾಗಿದ್ದುದಕ್ಕೆ ಇದೇ ಕಾರಣ.

ಯುರೋಪಿನ ನಿಯಮಗಳು ದಟ್ಟಣೆಯನ್ನು ಚದರ ಮೀಟರಿಗೆ ಇಷ್ಟು ಕಿಲೋ ಜೀವತೂಕ ಎಂದು ಹೇಳುತ್ತವೆ. ಭಾರತದ ಸಾಕಣೆದಾರರು ಅದನ್ನೇ ತಿರುಗಿಸಿ ಹಕ್ಕಿಗೆ ಇಷ್ಟು ಚದರ ಅಡಿ ಎನ್ನುತ್ತಾರೆ. ಹಕ್ಕಿಗೆ ಒಂದು ಚದರ ಅಡಿ ಎಂದರೆ ಚದರ ಮೀಟರಿಗೆ ಸುಮಾರು 10.8 ಹಕ್ಕಿ, ಪ್ರತಿಯೊಂದೂ 2.2 ಕಿಲೋ ತೂಗುವಾಗ ಸುಮಾರು 24 ಕಿಲೋ. ತೂಕದ ಲೆಕ್ಕದಲ್ಲಿ ಒಂದು ಅನುಕೂಲವಿದೆ. ಮರಿ ಬಿಟ್ಟ ದಿನ ವಿಶಾಲವಾಗಿ ಕಾಣುವ ಶೆಡ್ ಐದನೆಯ ವಾರದಲ್ಲಿ ಇಕ್ಕಟ್ಟಾಗುವುದು ಸಂಖ್ಯೆ ಬೆಳೆದದ್ದರಿಂದಲ್ಲ, ಹಕ್ಕಿ ಬೆಳೆದದ್ದರಿಂದ ಎಂಬುದನ್ನು ಅದು ಹಿಡಿದುಕೊಡುತ್ತದೆ.

ಬ್ಯಾಚ್ ಎಂದರೆ ಒಂದು ದಿನದ ಮರಿಗಳನ್ನು ಬಿಟ್ಟಂದಿನಿಂದ ಶೆಡ್ ಪೂರ್ತಿ ಖಾಲಿಯಾಗುವವರೆಗಿನ ಒಂದು ಸುತ್ತು. ಎಫ್‌ಸಿಆರ್ ಎಂದರೆ ಒಂದು ಕಿಲೋ ಜೀವತೂಕ ಕೂಡಿಸಲು ಹಕ್ಕಿ ತಿಂದ ಮೇವಿನ ಕಿಲೋ ಲೆಕ್ಕ. ಏಕರೂಪತೆ ಎಂದರೆ ಹಿಂಡಿನ ಸರಾಸರಿ ತೂಕಕ್ಕಿಂತ ಶೇ. 10ರಷ್ಟು ಮೇಲೆ ಕೆಳಗಿನ ಮಿತಿಯೊಳಗೆ ಬರುವ ಹಕ್ಕಿಗಳ ಪ್ರಮಾಣ.

ಹಿನ್ನೆಲೆ

ಸಾಕುಕೋಳಿಯ ಮೂಲವಾದ ಕೆಂಪು ಕಾಡುಕೋಳಿ ಒಂದು ಹುಂಜ, ಕೆಲವು ಹೇಂಟೆ, ಅವುಗಳ ಮರಿ ಎಂಬಷ್ಟರ ಸಣ್ಣ ಗುಂಪುಗಳಲ್ಲಿ ಬದುಕುತ್ತದೆ. ಊರಿನ ಹಿತ್ತಲ ಕೋಳಿಗಳ ಗುಂಪೂ ಹೆಚ್ಚುಕಡಿಮೆ ಇದೇ ಅಳತೆಯದು. ಒಂದೇ ದಿನ ಹುಟ್ಟಿದ, ತಾಯಿಯಿಲ್ಲದ ಸಾವಿರಾರು ಮರಿಗಳ ಹಿಂಡು ಇಪ್ಪತ್ತನೆಯ ಶತಮಾನದ ಸೃಷ್ಟಿ.

ಅದರ ಆರಂಭದಲ್ಲಿ ಒಂದು ಎಣಿಕೆಯ ತಪ್ಪಿದೆ. 1923ರಲ್ಲಿ ಅಮೆರಿಕದ ಡೆಲವೇರ್ ರಾಜ್ಯದ ಓಷನ್ ವ್ಯೂನಲ್ಲಿದ್ದ ಸಿಸಿಲ್ ಸ್ಟೀಲ್ ಎಂಬ ಗೃಹಿಣಿ ಮೊಟ್ಟೆಗಾಗಿ 50 ಮರಿಗಳನ್ನು ಕೇಳಿದರೆ ಮರಿಕೇಂದ್ರದಿಂದ 500 ಬಂದವು. ಅವನ್ನು ಹಿಂದಕ್ಕೆ ಕಳಿಸದೆ ಸಾಕಿ, ಉಳಿದ 387ನ್ನು ಮಾಂಸಕ್ಕಾಗಿ ಪೌಂಡಿಗೆ 62 ಸೆಂಟಿನಂತೆ ಮಾರಿದ ಆಕೆ ಮರುವರ್ಷ 1,000 ಮರಿ ತರಿಸಿದರು. 1926ರ ಹೊತ್ತಿಗೆ 10,000 ಹಕ್ಕಿ ಹಿಡಿಸುವ ಮನೆ ಕಟ್ಟಿಸಿದ್ದರು. ವಾಣಿಜ್ಯ ಬ್ರಾಯ್ಲರ್ ಸಾಕಣೆಯ ಮೊದಲ ಹೆಜ್ಜೆಯೆಂದು ದಾಖಲಾಗಿರುವುದು ಇದು. ಇಂದಿನ ದೊಡ್ಡ ಹಿಂಡಿನ ಅಳತೆಯ ಹತ್ತಿರಕ್ಕೆ ಮೂರೇ ವರ್ಷಗಳಲ್ಲಿ ತಲುಪಿದಂತಾಗಿತ್ತು. ಆಮೇಲೆ ಮಾರ್ಪಟ್ಟದ್ದು ಮುಖ್ಯವಾಗಿ ಹಕ್ಕಿ.

1946ರಿಂದ 1948ರವರೆಗೆ ಅಮೆರಿಕದಲ್ಲಿ ನಡೆದ ‘ನಾಳಿನ ಕೋಳಿ’ ಸ್ಪರ್ಧೆ ಎದೆ ತುಂಬಿದ, ಬೇಗ ಬೆಳೆಯುವ ತಳಿಗಳತ್ತ ಉದ್ಯಮವನ್ನು ತಿರುಗಿಸಿತು. 1957ರ ಮತ್ತು 1978ರ ತಳಿಗುಣವನ್ನು ಹಾಗೆಯೇ ಉಳಿಸಿಕೊಂಡು ಬಂದ ಹಕ್ಕಿಗಳನ್ನೂ 2005ರ ತಳಿಯನ್ನೂ ಒಂದೇ ಮೇವಿನಲ್ಲಿ ಸಾಕಿದ ಕೆನಡಾದ ಪ್ರಯೋಗದಲ್ಲಿ 56ನೆಯ ದಿನದ ತೂಕ ಕ್ರಮವಾಗಿ 905 ಗ್ರಾಂ, 1,808 ಗ್ರಾಂ ಮತ್ತು 4,202 ಗ್ರಾಂ ಬಂತು. ಹಿಂಡಿನ ವರ್ತನೆಗೂ ಇದಕ್ಕೂ ನೇರ ಸಂಬಂಧವಿದೆ. ಅಷ್ಟು ಬೇಗ ಭಾರವಾಗುವ ಹಕ್ಕಿ ನಡೆಯುವುದು ಕಡಿಮೆ, ಕುಳಿತಿರುವುದು ಹೆಚ್ಚು. ಪ್ರಾಯಕ್ಕೆ ಬರುವ ಮೊದಲೇ ಅದರ ಆಯುಷ್ಯ ಮುಗಿದಿರುತ್ತದೆ.

ಕೋಳಿಗಳ ಸಾಮಾಜಿಕ ಬದುಕಿನ ಅಧ್ಯಯನ ಇದರ ಜೊತೆಜೊತೆಗೇ ಬೆಳೆಯಿತು. ನಾರ್ವೆಯ ಥೋರ್‌ಲೈಫ್ ಶೆಲ್ಡರಪ್ ಎಬ್ಬೆ 1922ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಹೇಂಟೆಗಳ ನಡುವಣ ಕುಕ್ಕುವ ಶ್ರೇಣಿಯನ್ನು ವಿವರಿಸಿದರು: ಮೇಲಿನದು ಕೆಳಗಿನದನ್ನು ಕುಕ್ಕುತ್ತದೆ, ಕೆಳಗಿನದು ತಿರುಗಿ ಕುಕ್ಕುವುದಿಲ್ಲ. ಅವರು ಕಂಡದ್ದು ಸಣ್ಣ ಗುಂಪುಗಳನ್ನು. ಸಾವಿರಾರು ಹಕ್ಕಿಗಳಿಗೂ ಇದೇ ನಿಯಮ ಹೊಂದುತ್ತದೆ ಎಂದು ಬಹುಕಾಲ ಭಾವಿಸಲಾಗಿತ್ತು.

ಹಿಂಡಿನ ಒಳರಚನೆ

ಬ್ರಾಯ್ಲರ್ ಹಿಂಡಿನಲ್ಲಿ ತಲೆಮಾರುಗಳಿಲ್ಲ. ಸಾಮಾನ್ಯವಾಗಿ ಗಂಡು ಹೆಣ್ಣು ಮರಿಗಳನ್ನು ಬೇರ್ಪಡಿಸದೆ ಒಟ್ಟಿಗೇ ಬಿಡುತ್ತಾರೆ. ಆರನೆಯ ವಾರದ ಹೊತ್ತಿಗೆ ಗಂಡು ಸ್ಪಷ್ಟವಾಗಿ ದಪ್ಪಗಾಗಿರುತ್ತದೆ, ಅದರ ಜುಟ್ಟು ಕೆಂಪೇರಿರುತ್ತದೆ. ಗಾತ್ರ ಹೆಚ್ಚಿದಂತೆ ಇನ್ನೊಂದು ಬಗೆಯ ವ್ಯತ್ಯಾಸ ಹಿಂಡಿನೊಳಗೆ ಬರುತ್ತದೆ. ಎರಡು ಸಾವಿರ ಮರಿಗಳನ್ನು ಒಂದೇ ತಾಯಿಹಿಂಡಿನ ಮೊಟ್ಟೆಗಳಿಂದ ಒದಗಿಸಬಹುದು. ಇಪ್ಪತ್ತು ಸಾವಿರ ಬೇಕಾದಾಗ ಹಲವು ತಾಯಿಹಿಂಡುಗಳ ಮೊಟ್ಟೆ ಬೆರೆಯುತ್ತವೆ. ಎಳೆಯ ತಾಯಿಹಿಂಡಿನ ಮೊಟ್ಟೆ ಚಿಕ್ಕದು, ಮರಿಯೂ ಚಿಕ್ಕದು. ವಯಸ್ಸಾದ ಹಿಂಡಿನ ಮರಿ ದೊಡ್ಡದು. ಮೊದಲ ದಿನದ ಕೆಲವೇ ಗ್ರಾಂಗಳ ಈ ಅಂತರ ನೀರಿನ ನಿಪ್ಪಲ್ ಎಟುಕುವುದು, ಫೀಡರಿನ ಅಂಚು ಎಟುಕುವುದು ಮುಂತಾದ ಸಣ್ಣ ಸಂಗತಿಗಳಲ್ಲಿ ಹಿಗ್ಗುತ್ತ ಹೋಗುತ್ತದೆ. ದೊಡ್ಡ ಹಿಂಡಿನಲ್ಲಿ ಏಕರೂಪತೆ ಕಾಯುವುದು ಕಷ್ಟವಾಗುವುದಕ್ಕೆ ಸಂಖ್ಯೆಗಿಂತ ಈ ಬೆರಕೆಯೇ ದೊಡ್ಡ ಕಾರಣವಾಗಿರುವುದುಂಟು.

ಹಕ್ಕಿಗಳು ಶೆಡ್ಡಿನಲ್ಲಿ ಸಮನಾಗಿ ಹರಡಿಕೊಳ್ಳುವುದಿಲ್ಲ. ಮಲಗಲು ಅವಕ್ಕೆ ಗೋಡೆಯ ಆಸರೆ ಇಷ್ಟ. ಬೆನ್ನ ಹಿಂದೆ ಗೋಡೆಯಿದ್ದರೆ ತುಳಿದು ದಾಟುವ ಹಕ್ಕಿಗಳು ಒಂದು ಬದಿಯಿಂದಲಾದರೂ ತಪ್ಪುತ್ತವೆ. ಹಿಂಡು ದೊಡ್ಡದಾದಂತೆ ಈ ಆಸರೆ ತೆಳುವಾಗುತ್ತದೆ. 5 ಚದರ ಮೀಟರಿನ ಚೌಕ ಅಂಕಣದ ಸುತ್ತಳತೆ ಸುಮಾರು 9 ಮೀಟರ್. ಅಲ್ಲಿ 50 ಹಕ್ಕಿಗಳಿದ್ದರೆ ತಲೆಗೆ 18 ಸೆಂಟಿಮೀಟರ್ ಗೋಡೆ. 10 ಮೀಟರ್ ಅಗಲ, 100 ಮೀಟರ್ ಉದ್ದದ ಶೆಡ್ಡಿನಲ್ಲಿ ಅದೇ ದಟ್ಟಣೆಗೆ 10,000 ಹಕ್ಕಿಗಳು. ತಲೆಗೆ ಸಿಗುವ ಗೋಡೆ 2.2 ಸೆಂಟಿಮೀಟರ್, ಎರಡು ಬೆರಳಗಲಕ್ಕಿಂತ ಕಡಿಮೆ. ನಡುಜಾಗ ಬಯಲಾಗಿ ಉಳಿದು ಅಂಚುಗಳು ತುಂಬುತ್ತವೆ. ಶೆಡ್ಡಿನ ನಡುವೆ ನೇರವಾದ ಹಲಗೆಗಳನ್ನು ನಿಲ್ಲಿಸಿದರೆ ಹಕ್ಕಿಗಳು ಅವುಗಳ ಬಳಿಗೂ ಬಂದು ಮಲಗುವುದನ್ನು ಪ್ರಯೋಗಗಳು ತೋರಿಸಿವೆ.

ಇದಕ್ಕೆ ಎದುರಾದ ಒಂದು ಲಾಭವೂ ವಿಸ್ತೀರ್ಣದಿಂದ ಬರುತ್ತದೆ. ಹಕ್ಕಿಗಳು ಒತ್ತೊತ್ತಾಗಿ ಮಲಗಿದಾಗ ಉಳಿಯುವ ಖಾಲಿ ಜಾಗ ಸಣ್ಣ ಅಂಕಣದಲ್ಲಿ ಚೂರುಚೂರಾಗಿರುತ್ತದೆ. ದೊಡ್ಡ ಶೆಡ್ಡಿನಲ್ಲಿ ಅದು ಒಂದೆಡೆ ಕೂಡಿ ನಡೆಯಲು, ರೆಕ್ಕೆ ಬಡಿಯಲು, ಓಡಲು ಸಾಲುವಷ್ಟಾಗುತ್ತದೆ. ದಟ್ಟಣೆ ಒಂದೇ ಆಗಿದ್ದರೂ ದೊಡ್ಡ ಆವರಣದ ಹಕ್ಕಿ ಹೆಚ್ಚು ದೂರ ನಡೆಯುವುದು ಇದರಿಂದ. ಲಿಯೋನ್ ಮತ್ತು ಎಸ್ಟೆವೆಜ್ 2008ರಲ್ಲಿ 10, 20, 30 ಹಕ್ಕಿಗಳ ಗುಂಪುಗಳನ್ನು ಮೂರು ಅಳತೆಯ ಅಂಕಣಗಳಲ್ಲಿಟ್ಟು ಈ ಪರಿಣಾಮಗಳನ್ನು ಬಿಡಿಸಿ ನೋಡಿದರು. ಓಡಾಟವನ್ನು ಹೆಚ್ಚಾಗಿ ನಿರ್ಧರಿಸಿದ್ದು ಗುಂಪಿನ ಸಂಖ್ಯೆಯಲ್ಲ, ಆವರಣದ ವಿಸ್ತಾರ.

ವರ್ತನೆಯ ಮೇಲೆ ಪರಿಣಾಮ

ಕುಕ್ಕುವ ಶ್ರೇಣಿ ನಿಲ್ಲಬೇಕಾದರೆ ಪ್ರತಿ ಹಕ್ಕಿಯೂ ಉಳಿದವುಗಳನ್ನು ಗುರುತಿಡಬೇಕು. 10 ಹಕ್ಕಿಗಳ ಗುಂಪಿನಲ್ಲಿ ಇರುವ ಜೋಡಿಗಳು 45. 100 ಹಕ್ಕಿಗಳಾದರೆ 4,950. 5,000 ಹಕ್ಕಿಗಳ ಶೆಡ್ಡಿನಲ್ಲಿ ಸುಮಾರು 1 ಕೋಟಿ 25 ಲಕ್ಷ. ಹೇಂಟೆಗಳು ಒಡನಾಡಿಗಳನ್ನು ಗುರುತಿಸುವುದು ಬಲು ಹತ್ತಿರದಿಂದ, ಮುಖ್ಯವಾಗಿ ತಲೆ ಮತ್ತು ಜುಟ್ಟು ನೋಡಿ. ಸಾವಿರಗಳ ಹಿಂಡಿನಲ್ಲಿ ಇಂಥ ಪರಿಚಯ ಅಸಾಧ್ಯ. ಪರಿಚಯ ತಪ್ಪಿದ ಹಿಂಡು ಎಡೆಬಿಡದೆ ಕಾದಾಡುತ್ತಲೇ ಇರುತ್ತದೆ ಎಂದು ಹಳೆಯ ಸಿದ್ಧಾಂತ ಹೇಳುತ್ತಿತ್ತು.

ಹಾಗಾಗುವುದಿಲ್ಲ. ಎಳೆಯ ಕೋಳಿಗಳನ್ನು 15, 30, 60, 120ರ ಗುಂಪುಗಳಲ್ಲಿ ಒಂದೇ ದಟ್ಟಣೆಯಲ್ಲಿ ಸಾಕಿದ ಎಸ್ಟೆವೆಜ್, ಕೀಲಿಂಗ್ ಮತ್ತು ನ್ಯೂಬೆರಿ 2003ರಲ್ಲಿ ವರದಿ ಮಾಡಿದಂತೆ ಗುಂಪು ದೊಡ್ಡದಾದಂತೆ ಕುಕ್ಕಾಟ ತಗ್ಗಿತು. ಅದೇ ವರ್ಷ ಡೀಎತ್ ಮತ್ತು ಕೀಲಿಂಗ್ ಮೊಟ್ಟೆ ಕೋಳಿಗಳಲ್ಲಿ ನಡೆಸಿದ ಪರೀಕ್ಷೆಯಲ್ಲಿ 10ರ ಗುಂಪಿನಲ್ಲಿ ಬೆಳೆದ ಹೇಂಟೆಗಳು ಹೊಸಬರ ಮೇಲೆ ಎರಗಿದವು. 120ರ ಗುಂಪಿನವು ಹೊಸಬರು, ಹಳಬರು ಎಂಬ ಭೇದ ತೋರಲಿಲ್ಲ. ಪೇಜಲ್ ಮತ್ತು ಡಾಕಿನ್ಸ್ 1997ರಲ್ಲಿ ಇದಕ್ಕೊಂದು ಗಣಿತದ ವಿವರಣೆ ಕೊಟ್ಟಿದ್ದರು. ಶ್ರೇಣಿಗಾಗಿ ಕಾದಾಡುವುದು ಮುಂದಿನ ಭೇಟಿಗಳಲ್ಲಿ ಕಾದಾಟ ತಪ್ಪಿಸಿಕೊಳ್ಳಲು ಮೊದಲೇ ತೆರುವ ಬೆಲೆ. ಅದೇ ಹಕ್ಕಿ ಮತ್ತೆ ಎದುರಾಗುವ ಸಂಭವವೇ ಇಲ್ಲದ ಜಾತ್ರೆಯಲ್ಲಿ ಆ ಬೆಲೆ ತೆರುವುದು ದಂಡ. ಹಿಂಡು ಹಿಗ್ಗಿದಂತೆ ಕೋಳಿ ಶ್ರೇಣಿಯಿಂದ ಸಹನೆಗೆ ಹೊರಳುತ್ತದೆ. ದೇಹದ ದಪ್ಪ, ಜುಟ್ಟಿನ ಗಾತ್ರ ನೋಡಿಯೇ ಸರಿದು ನಿಲ್ಲುವುದೂ ಅಂಥ ಹಿಂಡಿನಲ್ಲಿ ನಡೆಯುತ್ತದೆ.

ಈ ಪ್ರಯೋಗಗಳಲ್ಲಿ ಹೆಚ್ಚಿನವು ಮೊಟ್ಟೆ ಕೋಳಿಗಳ ಮೇಲೆ ನಡೆದವು ಎಂಬುದನ್ನು ಮರೆಯುವಂತಿಲ್ಲ. ಬ್ರಾಯ್ಲರ್‌ಗಳಲ್ಲಿ ಕಾದಾಟ ಇನ್ನೂ ವಿರಳ. ಶ್ರೇಣಿ ಗಟ್ಟಿಯಾಗುವ ವಯಸ್ಸು ಬರುವ ಹೊತ್ತಿಗೆ ಅವು ಮಾರುಕಟ್ಟೆ ಸೇರಿರುತ್ತವೆ. ಮೂರ್ನಾಲ್ಕು ವಾರದ ಗಂಡು ಮರಿಗಳು ಎದುರುಬದುರು ನಿಂತು ಕತ್ತಿನ ಪುಕ್ಕ ಕೆದರಿ ಒಂದೆರಡು ಸಲ ಎಗರಿ ಸುಮ್ಮನಾಗುವುದು ಕಾದಾಟವಲ್ಲ, ಆಟ. ಕಾದಾಟ ನಿಜವಾದ ಸಮಸ್ಯೆಯಾಗುವುದು ಬ್ರಾಯ್ಲರ್‌ಗಳ ತಾಯಿಹಿಂಡುಗಳಲ್ಲಿ. ಅಲ್ಲಿ ಪ್ರಾಯದ ಹುಂಜಗಳಿರುತ್ತವೆ.

ಎಳೆಯ ಮರಿ ಚುರುಕು. ವಯಸ್ಸಾದಂತೆ ಬ್ರಾಯ್ಲರ್ ಮಲಗಿಯೇ ಕಾಲ ಕಳೆಯುತ್ತದೆ. ಕೊನೆಯ ವಾರಗಳಲ್ಲಿ ಆರೋಗ್ಯವಂತ ಹಕ್ಕಿಯೂ ದಿನದ ಮುಕ್ಕಾಲು ಭಾಗ ಕುಳಿತಿರುವುದು ಅಳತೆಗೆ ಸಿಕ್ಕಿದೆ, ಕುಂಟುವ ಹಕ್ಕಿ ಇನ್ನೂ ಹೆಚ್ಚು. ಇಕ್ಕಟ್ಟಾದ ಹಿಂಡಿನ ಮುಖ್ಯ ತೊಂದರೆ ಹುಟ್ಟುವುದು ಇಲ್ಲಿ. ನೀರಿಗೆ ಎದ್ದ ಒಂದು ಹಕ್ಕಿ ಮಲಗಿದ ಹತ್ತು ಹಕ್ಕಿಗಳನ್ನು ದಾಟಬೇಕು. ಬದಿಯಲ್ಲಿ ಹಾದಿಯಿಲ್ಲದಿದ್ದರೆ ಅವುಗಳ ಬೆನ್ನ ಮೇಲೇ ಕಾಲಿಡುತ್ತದೆ. ತುಳಿಸಿಕೊಂಡದ್ದು ನಿದ್ದೆ ಕೆಟ್ಟು ಎದ್ದು, ಎರಡು ಹೆಜ್ಜೆ ಸರಿದು ಇನ್ನೊಂದಕ್ಕೆ ತಾಗಿ ಕೂರುತ್ತದೆ. ಪುಕ್ಕ ಸರಿಯಾಗಿ ಮುಚ್ಚದ ತೊಡೆ ಮತ್ತು ಬೆನ್ನಿನ ಹಿಂಭಾಗದಲ್ಲಿ ಉಗುರಿನ ಗೀರು ಬೀಳುತ್ತದೆ. ಕೋಳಿ ಸುಲಿದಾಗ ಚರ್ಮದ ಮೇಲೆ ಕಾಣುವ ಉದ್ದನೆಯ ಕೆಂಪು ಗೆರೆಗಳಲ್ಲಿ ಹೆಚ್ಚಿನವು ಜಗಳದ ಗುರುತಲ್ಲ, ದಾಟಿಹೋದ ಕಾಲಿನ ಗುರುತು.

ಕೋಳಿಗಳು ಗುಂಪುಗೂಡುವುದು ಜಾಗವಿಲ್ಲದೆ ಮಾತ್ರವಲ್ಲ. 2006ರಲ್ಲಿ ಫೆಬ್ರರ್ ಮತ್ತು ಸಂಗಡಿಗರು ವಾಣಿಜ್ಯ ಶೆಡ್‌ಗಳಲ್ಲಿ ಹಕ್ಕಿಗಳ ನಡುವಣ ಅಂತರವನ್ನು ಅಳೆದು, ಎಲ್ಲ ದಟ್ಟಣೆಗಳಲ್ಲೂ ಅವು ಪರಸ್ಪರ ಹತ್ತಿರ ಸೇರುತ್ತವೆ ಎಂದು ಕಂಡರು. ಒಂದು ತಿನ್ನತೊಡಗಿದರೆ ಪಕ್ಕದ್ದೂ ತಿನ್ನುತ್ತದೆ, ಒಂದು ಮಲಗಿದರೆ ಪಕ್ಕದ್ದೂ ಮಲಗುತ್ತದೆ. ಈ ಅನುಕರಣೆ ಮೊದಲ ವಾರದಲ್ಲಿ ಲಾಭಕರ, ಏಕೆಂದರೆ ಒಂಟಿ ಮರಿ ಸರಿಯಾಗಿ ತಿನ್ನುವುದಿಲ್ಲ. ಆದರೆ ಇದೇ ಗುಣ ದೊಡ್ಡ ಹಿಂಡಿಗೆ ಅಪಾಯವನ್ನೂ ತರುತ್ತದೆ. ಹಠಾತ್ ಸದ್ದಿಗೆ, ರಾತ್ರಿ ಕರೆಂಟ್ ಹೋದಾಗ, ನಾಯಿ ಹಾವುಗಳ ಸುಳಿವಿಗೆ ಬೆದರಿದ ಹಕ್ಕಿಗಳು ಮೂಲೆಗೆ ನುಗ್ಗಿ ಒಂದರ ಮೇಲೊಂದು ಬಿದ್ದು ಉಸಿರುಗಟ್ಟಿ ಸಾಯುತ್ತವೆ. ಐವತ್ತು ಹಕ್ಕಿಗಳ ರಾಶಿ ತಾನಾಗಿ ಚದುರುತ್ತದೆ; ಸಾವಿರ ಹಕ್ಕಿಗಳ ರಾಶಿಯ ಅಡಿಯಲ್ಲಿ ಸಿಕ್ಕಿದ್ದು ಏಳುವುದಿಲ್ಲ. ಮರಿಗಳನ್ನು ಬಿಡುವ ತಗಡಿನ ಸುತ್ತು ಚೌಕವಾಗಿರದೆ ದುಂಡಗಿರುವುದು ಮೂಲೆಯೇ ಇಲ್ಲದಿರಲಿ ಎಂದು.

ಬೆಳವಣಿಗೆಯ ಮೇಲೆ ಪರಿಣಾಮ

ದಟ್ಟಣೆ, ಫೀಡರ್, ನೀರು ಎಲ್ಲವನ್ನೂ ಹಕ್ಕಿಗೆ ತಕ್ಕಂತೆ ಹೆಚ್ಚಿಸುತ್ತ ಹಿಂಡನ್ನು ಹಿಗ್ಗಿಸಿದರೆ ಸರಾಸರಿ ತೂಕದಲ್ಲಿ ಕಾಣುವ ವ್ಯತ್ಯಾಸ ಅಲ್ಪ. ಪ್ರಯೋಗದಿಂದ ಪ್ರಯೋಗಕ್ಕೆ ಅದರ ದಿಕ್ಕೂ ಬದಲಾಗುತ್ತದೆ. ದಟ್ಟಣೆಯ ಪರಿಣಾಮ ಹಾಗಲ್ಲ. ಒಂದು ಮಿತಿ ದಾಟಿದ ಮೇಲೆ ಹಕ್ಕಿ ತಿನ್ನುವುದು ಇಳಿಯುತ್ತದೆ, ಅದರ ಹಿಂದೆಯೇ ತೂಕವೂ ಇಳಿಯುತ್ತದೆ.

ಇಳಿಕೆಗೆ ಮುಖ್ಯ ಕಾರಣ ಬಿಸಿ. 2 ಕಿಲೋ ತೂಗುವ ಬ್ರಾಯ್ಲರ್ ತನ್ನ ಮೈಯಿಂದ ಸುಮಾರು 15ರಿಂದ 20 ವ್ಯಾಟ್ ಶಾಖ ಹೊರಬಿಡುತ್ತದೆ. 5,000 ಹಕ್ಕಿಗಳ ಶೆಡ್ ಎಂದರೆ ಹಗಲಿರುಳೂ ಉರಿಯುವ 75ರಿಂದ 100 ಕಿಲೋವ್ಯಾಟ್‌ಗಳ ಒಲೆ. ಕೋಳಿಗೆ ಬೆವರು ಗ್ರಂಥಿಯಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟು, ರೆಕ್ಕೆ ಅಗಲಿಸಿ ತಣಿಯಬೇಕು. ಮಲಗಿದ ಹಕ್ಕಿಗಳು ಒತ್ತೊತ್ತಾಗಿದ್ದರೆ ಅವುಗಳ ನಡುವೆ, ನೆಲದ ಮಟ್ಟದಲ್ಲಿ ಗಾಳಿಯೇ ಆಡುವುದಿಲ್ಲ. ಶೆಡ್ಡಿನ ನಡುವೆ ನೇತುಹಾಕಿದ ತಾಪಮಾಪಕ 29 ಡಿಗ್ರಿ ತೋರಿಸುತ್ತಿದ್ದರೂ ಹಕ್ಕಿಯ ಹೊಟ್ಟೆಯಡಿಯ ಹಾಸು ಅದಕ್ಕಿಂತ ಬಿಸಿಯಾಗಿರುತ್ತದೆ. ಬಿಸಿಯಾದ ಹಕ್ಕಿ ಮೇವು ಬಿಟ್ಟು ನೀರಿಗೆ ಹೋಗುತ್ತದೆ. ಹೆಚ್ಚು ಕುಡಿದರೆ ಹಿಕ್ಕೆ ನೀರಾಗುತ್ತದೆ, ಹಾಸು ಒದ್ದೆಯಾಗುತ್ತದೆ, ಒದ್ದೆ ಹಾಸಿನಿಂದ ಅಮೋನಿಯಾ ಏಳುತ್ತದೆ.

ಎರಡನೆಯ ಕಾರಣ ಮೇವು ನೀರಿನ ಎಟುಕು. ನೇತುಹಾಕುವ ಫೀಡರ್ ಒಂದಕ್ಕೆ 40ರಿಂದ 50 ಹಕ್ಕಿ, ಗಂಟೆಯಾಕಾರದ ಡ್ರಿಂಕರ್ ಒಂದಕ್ಕೆ 80ರಿಂದ 100, ನಿಪ್ಪಲ್ ಒಂದಕ್ಕೆ 10ರಿಂದ 12 ಎಂಬುದು ರೂಢಿಯ ಲೆಕ್ಕ. ದೊಡ್ಡ ಹಿಂಡಿನಲ್ಲಿ ಈ ಸರಾಸರಿ ಸರಿಯಾಗಿದ್ದರೂ ಹಂಚಿಕೆ ಕೆಡುತ್ತದೆ. ಒಂದು ತುದಿಯಿಂದ ಗಾಳಿ ಎಳೆಯುವ ಉದ್ದನೆಯ ಶೆಡ್‌ಗಳಲ್ಲಿ ಸೆಕೆ ಏರಿದಾಗ ಹಕ್ಕಿಗಳು ತಂಪು ಗಾಳಿ ಬರುವ ತುದಿಗೆ ವಲಸೆ ಹೋಗುತ್ತವೆ. ಒಮ್ಮೆ ಹೋದವು ಸಂಜೆ ತಂಪಾದರೂ ಹಿಂತಿರುಗುವುದಿಲ್ಲ. ಆಗ ಕಾಗದದ ಮೇಲೆ ಒಂದೇ ದಟ್ಟಣೆಯ ಶೆಡ್, ನೆಲದ ಮೇಲೆ ಎರಡು ಶೆಡ್: ಒಂದು ತುದಿಯಲ್ಲಿ ಫೀಡರಿಗೆ ಮುಗಿಬಿದ್ದ ಗುಂಪು, ಇನ್ನೊಂದರಲ್ಲಿ ತುಂಬಿದ ಫೀಡರ್‌ಗಳ ಸುತ್ತ ಖಾಲಿ ನೆಲ. ಶೆಡ್ಡನ್ನು ಮೊಳಕಾಲೆತ್ತರದ ಜಾಲರಿಗಳಿಂದ ಅಂಕಣಗಳಾಗಿ ಒಡೆಯುವುದು ಇದಕ್ಕೆ ಕಂಡುಕೊಂಡ ಉಪಾಯ. ಇದರಿಂದ ಇಪ್ಪತ್ತು ಸಾವಿರದ ಹಿಂಡು ಗಾಳಿಯ ಮಟ್ಟಿಗೆ ಒಂದಾಗಿ, ಓಡಾಟದ ಮಟ್ಟಿಗೆ ನಾಲ್ಕೈದಾಗಿ ಉಳಿಯುತ್ತದೆ.

ದಟ್ಟಣೆಯ ಬಗ್ಗೆ ನಡೆದ ಅತಿ ದೊಡ್ಡ ಪರೀಕ್ಷೆಯನ್ನು ಮೇರಿಯನ್ ಡಾಕಿನ್ಸ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದರು. ಹತ್ತು ಉತ್ಪಾದಕ ಕಂಪನಿಗಳು 27 ಲಕ್ಷ ಹಕ್ಕಿಗಳನ್ನು ಚದರ ಮೀಟರಿಗೆ 30ರಿಂದ 46 ಕಿಲೋವರೆಗಿನ ಐದು ದಟ್ಟಣೆಗಳಲ್ಲಿ ಸಾಕಿದವು. ಉಳಿದ ನಿರ್ವಹಣೆ ಅವರವರ ರೂಢಿಯಂತೆ ನಡೆಯಿತು. ಅತಿ ಹೆಚ್ಚಿನ ದಟ್ಟಣೆಯಲ್ಲಿ ಹಕ್ಕಿಗಳು ನಿಧಾನವಾಗಿ ಬೆಳೆದವು, ಹೆಚ್ಚು ತಳ್ಳಾಡಿಕೊಂಡವು, ಚೆನ್ನಾಗಿ ನಡೆಯುವವು ಕಡಿಮೆಯಾದವು. ಆದರೂ ಕಂಪನಿಯಿಂದ ಕಂಪನಿಗೆ ಇದ್ದ ಅಂತರ ದಟ್ಟಣೆಯಿಂದ ಬಂದ ಅಂತರವನ್ನು ಮೀರಿಸಿತು. ಹಾಸಿನ ತೇವ, ಅಮೋನಿಯಾ, ಶಾಖ, ಗಾಳಿಯ ತೇವಾಂಶಗಳನ್ನು ಯಾರು ಹೇಗೆ ನಿಭಾಯಿಸಿದರು ಎಂಬುದೇ ಹೆಚ್ಚು ತೂಗಿತು. ಈ ಫಲಿತಾಂಶವನ್ನು ದಟ್ಟಣೆ ಲೆಕ್ಕಕ್ಕಿಲ್ಲ ಎಂದು ಓದುವುದು ತಪ್ಪು. ಹಕ್ಕಿ ಹೆಚ್ಚಿಸಿದವರು ಅದಕ್ಕೆ ತಕ್ಕ ಗಾಳಿ ಹೆಚ್ಚಿಸಲೇಬೇಕು, ಸಾಮರ್ಥ್ಯವಿಲ್ಲದ ಶೆಡ್ಡಿಗೆ ಕಡಿಮೆ ದಟ್ಟಣೆಯೇ ರಕ್ಷಣೆ.

ಸಂಶೋಧನೆಯ ಅಂಕಣಗಳಲ್ಲಿ 25–50 ಹಕ್ಕಿಗಳಿರುತ್ತವೆ, ಫಾರಂನಲ್ಲಿ ಸಾವಿರಗಟ್ಟಲೆ. ಅಂಕಣದಲ್ಲಿ ಬಂದ ತೂಕವೂ ಎಫ್‌ಸಿಆರ್ ಕೂಡ ಸಾಮಾನ್ಯವಾಗಿ ಶೆಡ್ಡಿನದಕ್ಕಿಂತ ಉತ್ತಮ. ಇದನ್ನು ಗಾತ್ರದ ಪರಿಣಾಮವೆಂದು ಬರೆದುಕೊಳ್ಳುವ ಮೊದಲು ಅಂಕಣದ ಹಕ್ಕಿಗೆ ಸಿಗುವ ದಿನನಿತ್ಯದ ಗಮನವನ್ನು ಲೆಕ್ಕ ಹಾಕಬೇಕು. 10,000 ಹಕ್ಕಿಗಳಲ್ಲಿ ಒಂದೊಂದನ್ನೂ ಒಂದೊಂದು ಸೆಕೆಂಡ್ ನೋಡಿದರೂ 2 ಗಂಟೆ 47 ನಿಮಿಷ ಬೇಕು.

ಆರೋಗ್ಯ

ಹಿಂಡು ದೊಡ್ಡದಾದಷ್ಟೂ ರೋಗ ಒಳಬರುವ ದಾರಿಗಳು ಹೆಚ್ಚು: ಮೇವಿನ ಲಾರಿ, ಮರಿಯ ಗಾಡಿ, ಹಿಡಿಯುವ ಆಳುಗಳು. ಒಮ್ಮೆ ಬಂದ ರಾಣಿಖೇತ್ ಅಥವಾ ಗಂಬೊರೊ ರೋಗಕ್ಕೆ ತಡೆಯಿಲ್ಲದ ನೆಲವೂ ಸಿಗುತ್ತದೆ. ಕುಡಿಯುವ ನೀರಿನಲ್ಲಿ ಲಸಿಕೆ ಹಾಕುವಾಗ ಬಲಿಷ್ಠ ಹಕ್ಕಿ ಮೊದಲು ಕುಡಿದು, ದುರ್ಬಲವಾದದ್ದು ಬರುವಷ್ಟರಲ್ಲಿ ಡ್ರಿಂಕರ್ ಬರಿದಾಗಿರುವುದುಂಟು. ದೊಡ್ಡ ಹಿಂಡಿನಲ್ಲಿ ಹೀಗೆ ತಪ್ಪಿದವು ನೂರಾರಾಗುತ್ತವೆ. ಒದ್ದೆ ಹಾಸು ಅಂಗಾಲಿನಲ್ಲಿ ಹುಣ್ಣು ಮಾಡುತ್ತದೆ, ಕಾಲ ಗಂಟಿನ ಹಿಂದೆ ಸುಟ್ಟಂಥ ಕಂದು ಕಲೆ ಮೂಡಿಸುತ್ತದೆ. ರಕ್ತಭೇದಿಯ ಸೂಕ್ಷ್ಮಜೀವಿಗೂ ತೇವವೇ ಬೇಕು. ಇವೆಲ್ಲಕ್ಕೂ ಸಂಖ್ಯೆಗಿಂತ ಹಾಸಿನ ತೇವವೇ ನೇರ ಕಾರಣ.

ಹಿಂಡುಗಳ ಬಗೆಗಳು ಮತ್ತು ನಿಯಮಗಳು

ದಟ್ಟಣೆಗೆ ಮಿತಿ ಹಾಕಿದ ಕಾನೂನುಗಳು ಹಲವು, ಹಿಂಡಿನ ಸಂಖ್ಯೆಗೇ ಮಿತಿ ಹಾಕಿದವು ವಿರಳ. ಯುರೋಪಿಯನ್ ಒಕ್ಕೂಟದ 2007ರ ನಿರ್ದೇಶನ 500 ಅಥವಾ ಅದಕ್ಕಿಂತ ಹೆಚ್ಚು ಹಕ್ಕಿಗಳ ಫಾರಂಗಳಿಗೆ ಅನ್ವಯಿಸುತ್ತದೆ. ಚದರ ಮೀಟರಿಗೆ 33 ಕಿಲೋ ಅದರ ಸಾಮಾನ್ಯ ಮಿತಿ. ಅಮೋನಿಯಾವನ್ನು 20 ಪಿಪಿಎಂ ಒಳಗೆ, ಇಂಗಾಲದ ಡೈಆಕ್ಸೈಡನ್ನು 3,000 ಪಿಪಿಎಂ ಒಳಗೆ ಇಟ್ಟು, ಶಾಖ ತೇವಾಂಶಗಳ ಷರತ್ತನ್ನೂ ಪಾಲಿಸುವವರಿಗೆ 39. ಹಲವು ಬ್ಯಾಚ್‌ಗಳಲ್ಲಿ ಸಾವಿನ ಪ್ರಮಾಣ ಕಡಿಮೆಯೆಂದು ತೋರಿಸಿದವರಿಗೆ 42. ಒಕ್ಕೂಟದ ಸಾವಯವ ನಿಯಮ 4,800 ಹಕ್ಕಿಗಳ ಮಿತಿಯನ್ನೂ ಚದರ ಮೀಟರಿಗೆ 21 ಕಿಲೋ ಮಿತಿಯನ್ನೂ ಒಟ್ಟಿಗೆ ಹೇರುತ್ತದೆ. ಫ್ರಾನ್ಸಿನ ಲಾಬೆಲ್ ರೂಜ್ ಗುರುತಿನ ಕೋಳಿಗಳಿಗೆ ಮನೆಗೆ 4,400ರ ಮಿತಿ, ಕನಿಷ್ಠ 81 ದಿನಗಳ ಸಾಕಣೆ. ಸ್ವಿಟ್ಜರ್ಲೆಂಡ್ ಇಡೀ ಫಾರಂಗೆ ಹಕ್ಕಿಯ ವಯಸ್ಸಿಗನುಗುಣವಾಗಿ 18,000ದಿಂದ 27,000ದವರೆಗಿನ ಮಿತಿ ಹಾಕಿದೆ. ಈ ಸಂಖ್ಯಾ ಮಿತಿಗಳ ಹಿಂದಿರುವುದು ಕೋಳಿಯ ವರ್ತನೆಗಿಂತ ಹೆಚ್ಚಾಗಿ ಸಣ್ಣ ಸಾಕಣೆಯನ್ನು ಉಳಿಸುವ ಉದ್ದೇಶ.

ಭಾರತದಲ್ಲಿ ಕಾನೂನು ಆಯೋಗ 2017ರ ತನ್ನ 269ನೆಯ ವರದಿಯಲ್ಲಿ ಮೊಟ್ಟೆ ಕೋಳಿ ಮತ್ತು ಬ್ರಾಯ್ಲರ್ ಎರಡರ ಸಾಕಣೆಗೂ ಕರಡು ನಿಯಮಗಳನ್ನು ಸೂಚಿಸಿತು. 2023ರಲ್ಲಿ ಜಾರಿಗೆ ಬಂದ ನಿಯಮಗಳು ಮೊಟ್ಟೆ ಕೋಳಿಗಳಿಗೆ ಸಂಬಂಧಿಸಿದವು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾರ್ಗಸೂಚಿ ಫಾರಂಗಳನ್ನು ತಲೆಯೆಣಿಕೆಯಿಂದಲೇ ವಿಂಗಡಿಸುತ್ತದೆ: 5,000ದಿಂದ 25,000 ಸಣ್ಣದು, 1 ಲಕ್ಷದವರೆಗೆ ಮಧ್ಯಮ, ಅದರ ಮೇಲೆ ದೊಡ್ಡದು. ಇಲ್ಲಿ ಲೆಕ್ಕ ಹಿಕ್ಕೆ, ನೊಣ, ವಾಸನೆಗಳದ್ದು.

ಕರ್ನಾಟಕದ ಪದ್ಧತಿ

ತಮಿಳುನಾಡಿನ ಕೊಯಮತ್ತೂರು ಸೀಮೆಯಲ್ಲಿ 1990ರ ದಶಕದಲ್ಲಿ ಬೇರೂರಿದ ಗುತ್ತಿಗೆ ಸಾಕಣೆ ಕರ್ನಾಟಕದಲ್ಲೂ ಬ್ರಾಯ್ಲರ್‌ನ ಮುಖ್ಯ ವ್ಯವಸ್ಥೆಯಾಗಿದೆ. ಮರಿ, ಮೇವು, ಔಷಧ ಕಂಪನಿಯದು. ಶೆಡ್, ನೀರು, ಹಾಸು, ದುಡಿಮೆ ಸಾಕಣೆದಾರರದ್ದು. ಕಿಲೋ ಲೆಕ್ಕದಲ್ಲಿ ಸಾಕಣೆ ಕೂಲಿ. ಹಿಂಡಿನ ಗಾತ್ರ ಹೀಗೆ ಶೆಡ್ಡಿನ ಚದರ ಅಡಿಯಿಂದ ತೀರ್ಮಾನವಾಗುತ್ತದೆ. ತೆರೆದ ಶೆಡ್ ಪೂರ್ವ ಪಶ್ಚಿಮವಾಗಿ ಉದ್ದಕ್ಕಿರುತ್ತದೆ, ಗಾಳಿ ಅಡ್ಡಲಾಗಿ ಹಾಯಬೇಕಾದ್ದರಿಂದ ಅಗಲವನ್ನು ಹೆಚ್ಚಿಸುವಂತಿಲ್ಲ. ಹಿಂಡು ಹಿಗ್ಗಿದರೆ ಶೆಡ್ ಉದ್ದವಾಗಬೇಕು ಅಥವಾ ಇನ್ನೊಂದು ಏಳಬೇಕು. ನೆಲಕ್ಕೆ ಭತ್ತದ ಹೊಟ್ಟು, ಶೇಂಗಾ ಸಿಪ್ಪೆ ಅಥವಾ ಮರದ ಹೊಟ್ಟಿನ ಹಾಸು. ಹಕ್ಕಿಗೆ ಒಂದು ಚದರ ಅಡಿಯ ರೂಢಿ ಬೇಸಿಗೆ ಬ್ಯಾಚ್‌ಗೆ ಸಡಿಲವಾಗುತ್ತದೆ. 1.2 ಅಡಿ ಕೊಟ್ಟರೆ 5,000 ಹಕ್ಕಿಗಳ ಶೆಡ್ಡಿಗೆ ಸುಮಾರು 4,170 ಮರಿ ಬಿಡಬೇಕು.

ಮೊದಲ ವಾರ ಇಡೀ ಶೆಡ್ ಬಳಕೆಯಾಗುವುದಿಲ್ಲ. ತಗಡಿನ ಸುತ್ತುಗಳಲ್ಲಿ 250ರಿಂದ 500 ಮರಿಗಳಂತೆ ಬಿಟ್ಟು, 32ರಿಂದ 35 ಡಿಗ್ರಿ ಕಾವು ಕೊಡುತ್ತಾರೆ. ಮರಿಗಳು ಬಲ್ಬಿನಡಿ ಗುಪ್ಪೆಯಾದರೆ ಚಳಿ, ಅಂಚಿಗೆ ಸರಿದು ಬಾಯಿ ಬಿಟ್ಟರೆ ಸೆಕೆ, ಒಂದೇ ಮಗ್ಗುಲಿಗೆ ಸೇರಿದರೆ ಎದುರುಗಡೆಯಿಂದ ಗಾಳಿ ನುಗ್ಗುತ್ತಿದೆ ಎಂದು ಲೆಕ್ಕ. ಹಿಂಡು ಇಷ್ಟು ಸ್ಪಷ್ಟವಾಗಿ ಓದಲು ಸಿಗುವುದು ಈ ಒಂದು ವಾರ. ಆಮೇಲೆ ಸುತ್ತುಗಳು ಒಂದಕ್ಕೊಂದು ಕೂಡಿ, ಎರಡನೆಯ ಮೂರನೆಯ ವಾರದಲ್ಲಿ ಇಡೀ ಶೆಡ್ ಒಂದೇ ಹಿಂಡಾಗುತ್ತದೆ. ಹೊಸಬರೊಡನೆ ಬೆರೆತ ಮರಿಗಳು ಆ ವಯಸ್ಸಿನಲ್ಲಿ ಕಾದಾಡುವುದಿಲ್ಲ.

ಬ್ಯಾಚ್‌ನ ಕೊನೆಗೆ ಗಾತ್ರ ಮತ್ತೆ ಬದಲಾಗುತ್ತದೆ. ಇಲ್ಲಿನ ಮಾರಾಟ ಹೆಚ್ಚಾಗಿ ಜೀವಂತ ಹಕ್ಕಿಗಳದ್ದಾದ್ದರಿಂದ ಶೆಡ್ ಒಂದೇ ದಿನ ಖಾಲಿಯಾಗುವುದು ಅಪರೂಪ. ವ್ಯಾಪಾರಿಗಳ ಗಾಡಿಗಳು ಬಂದಂತೆ ಕೆಲವು ದಿನ ಲಿಫ್ಟಿಂಗ್, ಅಂದರೆ ಹಕ್ಕಿಗಳನ್ನು ಹಿಡಿದು ಸಾಗಿಸುವ ಕೆಲಸ, ನಡೆಯುತ್ತದೆ. ಉಳಿದ ಹಕ್ಕಿಗಳಿಗೆ ಜಾಗ ಸಿಗುತ್ತದೆ, ಆದರೆ ಪ್ರತಿ ಲಿಫ್ಟಿಂಗ್‌ಗೂ ಫೀಡರ್ ಎತ್ತಿ ಕಟ್ಟುವುದರಿಂದ ಅವು ಉಪವಾಸ ಬೀಳುತ್ತವೆ, ಹಿಡಿಯುವ ಗದ್ದಲಕ್ಕೆ ಮೂಲೆಗೆ ನುಗ್ಗುತ್ತವೆ. ದಟ್ಟಣೆ ಇಳಿದದ್ದರ ಲಾಭದಲ್ಲಿ ಒಂದು ಪಾಲು ಹೀಗೆ ಕರಗುತ್ತದೆ.

ಇಂದಿನ ಸ್ಥಿತಿ

ಎರಡು ಎದುರು ದಿಕ್ಕಿನ ಚಲನೆಗಳು ಒಟ್ಟಿಗೆ ನಡೆದಿವೆ. ಭಾರತದಲ್ಲಿ ಹವಾನಿಯಂತ್ರಿತ ಶೆಡ್‌ಗಳು ಹೆಚ್ಚುತ್ತಿದ್ದು ಒಂದೇ ಸೂರಿನಡಿಯ ಹಿಂಡು ಹಿಗ್ಗುತ್ತಿದೆ. ಅಲ್ಲಿ ಫ್ಯಾನು, ಜನರೇಟರ್ ಕೈಕೊಟ್ಟರೆ ನಿಮಿಷಗಳಲ್ಲಿ ಇಡೀ ಹಿಂಡಿಗೆ ಕುತ್ತು. ತೆರೆದ ಶೆಡ್ಡಿಗೆ ಈ ಭಯವಿಲ್ಲ. ಯುರೋಪಿನಲ್ಲಿ ನಿಧಾನವಾಗಿ ಬೆಳೆಯುವ ತಳಿ ಮತ್ತು ಕಡಿಮೆ ದಟ್ಟಣೆಯತ್ತ ಒತ್ತಾಯವಿದೆ. ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರದ ತಜ್ಞರು 2023ರಲ್ಲಿ ಹಕ್ಕಿ ತನ್ನ ಸಹಜ ವರ್ತನೆಗಳನ್ನು ತೋರಬೇಕಾದರೆ ದಟ್ಟಣೆ ಚದರ ಮೀಟರಿಗೆ 11 ಕಿಲೋ ಮೀರಬಾರದು ಎಂದರು. ಇದು ಅಲ್ಲಿನ ಕಾನೂನಿನ ಸಾಮಾನ್ಯ ಮಿತಿಯ ಮೂರನೆಯ ಒಂದು ಪಾಲು.

ಹಿಂಡನ್ನು ಗಮನಿಸುವ ಬಗೆಯೂ ಬದಲಾಗಿದೆ. ಸಾವಿರಗಳಲ್ಲಿ ಒಂದೊಂದನ್ನೂ ನೋಡಲಾಗದು ಎಂಬುದನ್ನು ಒಪ್ಪಿಕೊಂಡು ಡಾಕಿನ್ಸ್ ಮತ್ತು ಸಂಗಡಿಗರು ಶೆಡ್ಡಿನ ಕ್ಯಾಮೆರಾ ಚಿತ್ರಗಳಲ್ಲಿ ಇಡೀ ಹಿಂಡಿನ ಚಲನೆಯನ್ನು ಒಂದು ಹರಿವಿನಂತೆ ಅಳೆಯುವ ವಿಧಾನ ರೂಪಿಸಿದರು. ಅದರಲ್ಲಿ ಯಾವ ಹಕ್ಕಿಗೂ ಗುರುತಿನ ಸಂಖ್ಯೆಯಿಲ್ಲ. ಆರೋಗ್ಯವಂತ ಹಿಂಡು ಹೆಚ್ಚುಕಡಿಮೆ ಒಂದೇ ಸಮನಾಗಿ ಚಲಿಸುತ್ತದೆ. ಕಾಲುನೋವಿನ ಹಕ್ಕಿಗಳು ಕೂಡಿದಂತೆ ಹರಿವು ಅಲ್ಲಲ್ಲಿ ನಿಂತು, ಅಲ್ಲಲ್ಲಿ ಮಾತ್ರ ಓಡುತ್ತದೆ. ಕುಂಟು ಮತ್ತು ಕಾಲ ಗಂಟಿನ ಕಲೆಗಳು ಎಷ್ಟಿವೆ ಎಂಬುದಕ್ಕೆ ಈ ಅಳತೆ ಹೊಂದಿಕೆಯಾಗುವುದನ್ನು 2012ರಲ್ಲಿ ಪ್ರಕಟವಾದ ಅಧ್ಯಯನ ವಾಣಿಜ್ಯ ಹಿಂಡುಗಳಲ್ಲಿ ತೋರಿಸಿತು.